ಗಡಾಯಿಕಲ್ಲಿನ ಬಿಸಿಲಿಗೆ ಎಂಥ ಹೆಲ್ಮೆಟ್?

ಬೆಳ್ತಂಗಡಿಯಿಂದ ನಡ ಗ್ರಾಮದ ಕಡೆಗೆ ಹೊರಟರೆ ಅಡಿಕೆ ತೋಟಗಳ ಮೇಲಿಂದ ಗಡಾಯಿಕಲ್ಲು ಎದ್ದು ಕಾಣುತ್ತದೆ. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಒಂಟಿ ಬಂಡೆ ಅದು. 1794ರಲ್ಲಿ ಟಿಪ್ಪು ಸುಲ್ತಾನ್ ಇದರ ನೆತ್ತಿಯಲ್ಲಿ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಚಾರಣಿಗರು ಬಂಡೆಯಲ್ಲೇ ಕಡಿದ 1,800ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾರೆ. 2023ರ ಫೆಬ್ರುವರಿಯಲ್ಲಿ ಚಿತ್ರದುರ್ಗದ ಸಾಹಸಿ ಜ್ಯೋತಿರಾಜ್ ಮಾತ್ರ ಮೆಟ್ಟಿಲು ಬಿಟ್ಟು ಬಂಡೆಯ ಮೈಯನ್ನೇ ಹಿಡಿದು ಏರಿದಾಗ ಊರಿಗೆ ಊರೇ ಕತ್ತೆತ್ತಿ ನೋಡಿತ್ತು.

ಅಂಥ ಸಾಹಸ ಎಲ್ಲರದ್ದಲ್ಲ. ಆದರೆ ಮೂಡುಬಿದಿರೆಯ ಕೊಣಾಜೆಕಲ್ಲು, ಬಂಟ್ವಾಳದ ಕಾರಿಂಜ, ಬೆಳ್ತಂಗಡಿಯ ಗಡಾಯಿಕಲ್ಲು ಹೀಗೆ ಕಲ್ಲುಬೆಟ್ಟಗಳ ನಡುವೆ ಬೆಳೆದ ಹುಡುಗ ಹುಡುಗಿಯರು ಈಗ ಹಗ್ಗ ಕಟ್ಟಿ ಬಂಡೆ ಹತ್ತುವುದನ್ನು ಕಲಿಯಲು ರಾಮನಗರಕ್ಕೋ ಬಾದಾಮಿಗೋ ಹೋಗಬಹುದು. ಅವರು ಮೊದಲು ಕೊಳ್ಳಬೇಕಾದ ವಸ್ತು ಹೆಲ್ಮೆಟ್. ಅದನ್ನು ಆರಿಸುವಾಗ ಕರಾವಳಿಯವರು ಗಟ್ಟಿತನದ ಜೊತೆಗೆ ಗಾಳಿಯಾಟವನ್ನೂ ಅಷ್ಟೇ ಮುಖ್ಯವಾಗಿ ನೋಡಬೇಕು. ಸೆಕೆ ತಡೆಯಲಾರದೆ ಅರ್ಧ ದಾರಿಯಲ್ಲಿ ತೆಗೆದು ಚೀಲಕ್ಕೆ ನೇತುಹಾಕಿದ ಹೆಲ್ಮೆಟ್ ಯಾರ ತಲೆಯನ್ನೂ ಕಾಯುವುದಿಲ್ಲ.

ಮನೆಯಲ್ಲಿರುವ ಬೈಕ್ ಹೆಲ್ಮೆಟ್ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಮುಖ ಮುಚ್ಚುವ ಬೈಕ್ ಹೆಲ್ಮೆಟ್ ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ, ಕಿವಿ ಮುಚ್ಚುತ್ತದೆ, ಕತ್ತೆತ್ತಿ ಮೇಲೆ ನೋಡಲು ಬಿಡುವುದಿಲ್ಲ. ಬಂಡೆ ಹತ್ತುವವರ ಹೆಲ್ಮೆಟ್ ಸಾಮಾನ್ಯವಾಗಿ 200ರಿಂದ 350 ಗ್ರಾಂ. ಕಟ್ಟಡದ ಕೆಲಸದವರು ಹಾಕುವ ಹಳದಿ ಟೋಪಿ ಹಗುರವೇನೋ ಹೌದು, ಆದರೆ ಅದರ ಗಲ್ಲದ ಪಟ್ಟಿಯ ಲೆಕ್ಕವೇ ಬೇರೆ. ಟೋಪಿ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯಬಾರದೆಂದು, ಯುರೋಪಿನ ಇಎನ್ 397 ಮಾನದಂಡದ ಪ್ರಕಾರ ಆ ಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ಬಿಟ್ಟುಕೊಳ್ಳಬೇಕು. ಪರ್ವತಾರೋಹಿಗಳ ಇಎನ್ 12492 ಮಾನದಂಡ ಇದಕ್ಕೆ ತದ್ವಿರುದ್ಧ. ಬೀಳುವಾಗ ಹೆಲ್ಮೆಟ್ ತಲೆಯಲ್ಲೇ ಉಳಿಯಬೇಕಾದ್ದರಿಂದ ಪಟ್ಟಿ 500 ನ್ಯೂಟನ್ ಎಳೆತವನ್ನೂ ತಾಳಬೇಕು.

ಇದೇ ಮಾನದಂಡದ ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 2 ಮೀಟರ್ ಎತ್ತರದಿಂದ ಹೆಲ್ಮೆಟ್ಟಿನ ನೆತ್ತಿಗೆ ಬೀಳಿಸುತ್ತಾರೆ. ತಲೆಗೆ ದಾಟುವ ಹೊಡೆತ 10 ಕಿಲೋನ್ಯೂಟನ್, ಅಂದರೆ ಸುಮಾರು ಒಂದು ಟನ್ ಭಾರ, ಮೀರುವಂತಿಲ್ಲ. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟವಾದ ಯುಐಎಎ ಇನ್ನೂ ಬಿಗಿಯಾಗಿ 8 ಕಿಲೋನ್ಯೂಟನ್ ಮಿತಿ ಇಟ್ಟಿದೆ. ಗಾಳಿಕಿಂಡಿಗಳಿಗೂ ಅಳತೆಯಿದೆ: ಎಲ್ಲ ಸೇರಿ ಕನಿಷ್ಠ 4 ಚದರ ಸೆಂಟಿಮೀಟರ್.

ಅದು ಕನಿಷ್ಠ ಮಾತ್ರ. ತಂಪು ಪರ್ವತಗಳಿಗೆ ಸಾಕಾಗುವ ಕಿಂಡಿ ಏಪ್ರಿಲ್ ತಿಂಗಳ ಬಂಟ್ವಾಳಕ್ಕೆ ಸಾಲದು. ಬೆವರು ಆರಿದರೆ ಮಾತ್ರ ತಲೆ ತಂಪಾಗುತ್ತದೆ, ಆದರೆ ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ. ಸೈಕಲ್ ಸವಾರನಿಗೆ ವೇಗದಿಂದಲೇ ಗಾಳಿ ನುಗ್ಗುತ್ತದೆ, ಬಂಡೆ ಹತ್ತುವವರು ಗಳಿಗೆಗೊಂದು ಹೆಜ್ಜೆ ಇಡುವವರು. ಹಾಗಾಗಿ ಮುಂದಿನ ಕಿಂಡಿಗಳಷ್ಟೇ ಇದ್ದರೆ ಪ್ರಯೋಜನ ಕಡಿಮೆ. ಪಕ್ಕದಲ್ಲೂ ಹಿಂದೆಯೂ ದೊಡ್ಡ ಕಿಂಡಿಗಳಿದ್ದು, ತಲೆಗೂ ಚಿಪ್ಪಿಗೂ ನಡುವೆ ಜಾಗವಿದ್ದರೆ ಬಿಸಿ ಗಾಳಿ ತಾನಾಗಿ ಹೊರಬೀಳುತ್ತದೆ. ತುಳುನಾಡಿನ ತೋಟಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ಹಾಳೆಯ ಮುಟ್ಟಾಳೆಯಂತೆ ಹಗುರವಾಗಿ, ಹಾಕಿದ್ದೇ ಮರೆತುಹೋಗುವಂತಿರಬೇಕು.

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಗಟ್ಟಿ ಎಬಿಎಸ್ ಪ್ಲಾಸ್ಟಿಕ್ ಚಿಪ್ಪಿನದು ಕೊಂಚ ಭಾರ. ಸಣ್ಣಪುಟ್ಟ ಪೆಟ್ಟು, ಒರಟು ಬಳಕೆ ಎಲ್ಲವನ್ನೂ ಸಹಿಸುತ್ತದೆ, ಬೆಲೆಯೂ ಕಡಿಮೆ. ಒಳಗೆ ಪಟ್ಟಿಗಳ ತೊಟ್ಟಿಲಿರುವ ಮಾದರಿಯಾದರೆ ಗಾಳಿ ಚೆನ್ನಾಗಿ ಆಡುತ್ತದೆ. ಇನ್ನೊಂದು ನೊರೆಯಂಥ ಫೋಮಿನದು. ಪೆಟ್ಜಲ್ ಕಂಪನಿಯ ಸಿರೊಕೊ ಎಂಬ ಮಾದರಿ 170 ಗ್ರಾಂ ಆಸುಪಾಸು ಮಾತ್ರ ತೂಗುತ್ತದೆ. ಫೋಮಿನಲ್ಲೂ ಇಪಿಎಸ್ ಒಂದು ದೊಡ್ಡ ಪೆಟ್ಟಿಗೆ ಬಿರುಕು ಬಿಡುತ್ತದೆ, ಇಪಿಪಿ ಸ್ವಲ್ಪ ಬಾಗಿ ಮತ್ತೆ ಹಿಂದಿನ ರೂಪಕ್ಕೆ ಬರುತ್ತದೆ. ಕಲಿಯುವವರಿಗೆ, ಹತ್ತು ಜನ ಹಂಚಿಕೊಳ್ಳುವ ಕ್ಲಬ್ಬುಗಳಿಗೆ ಗಟ್ಟಿ ಚಿಪ್ಪಿನದೇ ಒಳ್ಳೆಯದು.

ಕೊಳ್ಳುವ ಮೊದಲು ಐದು ನಿಮಿಷ ಹಾಕಿ ನೋಡಬೇಕು. ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ ಸಮನಾಗಿ ಕೂರಬೇಕು. ಹಿಂದಿನ ತಿರುಪು ಬಿಗಿಸಿ, ಗಲ್ಲದ ಪಟ್ಟಿ ಹಾಕದೆ ತಲೆ ಬಾಗಿಸಿ ಅಲ್ಲಾಡಿಸಿದರೂ ಬೀಳಬಾರದು. ಆಮೇಲೆ ಪಟ್ಟಿ ಹಾಕಿ, ಕತ್ತೆತ್ತಿ ಮಾಳಿಗೆ ನೋಡಬೇಕು. ಹಿಂದಿನ ಅಂಚು ಕತ್ತಿಗೆ ಒತ್ತಿದರೆ, ಮುಂದಿನ ಅಂಚು ಕಣ್ಣಿಗೆ ಇಳಿದರೆ ಬೇರೆ ಮಾದರಿ ಹುಡುಕುವುದೇ ಸರಿ. ಜಡೆ ಹಾಕುವವರು ಜಡೆ ಸಮೇತ ಹಾಕಿ ನೋಡಬೇಕು. ಹಿಂದೆ ಅದಕ್ಕೆಂದೇ ಜಾಗ ಬಿಟ್ಟ ಮಾದರಿಗಳಿವೆ. ಹಣೆಯ ಬಳಿಯ ಬೆವರುಪಟ್ಟಿ ಕಳಚಿ ತೊಳೆಯಲು ಬರುವಂತಿರಲಿ.

ಉತ್ತರಕ್ಕೆ ಹೋಗಿ ಗುಲ್ಮಾರ್ಗ್‌ನ ಹಿಮದಲ್ಲಿ ಸ್ಕೀ ಕಲಿಯುವವರಿಗೆ ಲೆಕ್ಕ ಸ್ವಲ್ಪ ಬೇರೆ. ಸ್ಕೀ ಹೆಲ್ಮೆಟ್ಟಿನ ಮಾನದಂಡ ಇಎನ್ 1077. ಹಿಮದ ಇಳಿಜಾರನ್ನು ನಡೆದೇ ಹತ್ತಿ, ಜಾರಿಕೊಂಡು ಇಳಿಯುವವರು ಏರುವಾಗ ಬೆವರುತ್ತಾರೆ, ಇಳಿಯುವಾಗ ನಡುಗುತ್ತಾರೆ. ಅವರಿಗೆ ಸ್ಕೀ, ಪರ್ವತಾರೋಹಣ ಎರಡೂ ಮಾನದಂಡದ ಮುದ್ರೆಯಿರುವ, ಒಳಗೊಂದು ತೆಳ್ಳನೆಯ ಟೋಪಿ ಹಿಡಿಸುವ ಹೆಲ್ಮೆಟ್ ಬೇಕು.

ಊರಿಗೆ ಮರಳಿದರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳಲ್ಲಿ ದಿನವೂ ಎತ್ತರಕ್ಕೆ ಏರುವವರು ಬಂಡೆಯಲ್ಲಿಲ್ಲ, ಅಡಿಕೆ ಮತ್ತು ತೆಂಗಿನ ತೋಟಗಳಲ್ಲಿದ್ದಾರೆ. ಮರ ಹತ್ತುವವರ ಕೊರತೆ ಎಷ್ಟಿದೆಯೆಂದರೆ 2018ರಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐನ ವಿಟ್ಲ ಕೇಂದ್ರದಲ್ಲಿ ಅಡಿಕೆ ಮರ ಏರಲು ಕಲಿಸುವ ಶಿಬಿರವೇ ನಡೆಯಿತು. ಮರುವರ್ಷ ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಕೂತುಕೊಂಡೇ ಮರ ಏರುವ ಪೆಟ್ರೋಲ್ ಯಂತ್ರದಿಂದ ದೇಶದ ಗಮನ ಸೆಳೆದರು. ಈಗ ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಬಿಡುವ ಉದ್ದನೆಯ ಫೈಬರ್ ಕೋಲು, ಅಂದರೆ ದೋಟಿಯೂ ಬಂದಿದೆ. ದೋಟಿ ಹಿಡಿದವರು ಇಡೀ ದಿನ ಕತ್ತೆತ್ತಿಯೇ ಇರಬೇಕು. ಕಿತ್ತ ಗೊನೆ, ಒಣಗಿದ ಸೋಗೆ ಬೀಳುವುದೂ ಅವರ ಆಸುಪಾಸಿನಲ್ಲೇ. ಹಗುರವಾದ, ಗಾಳಿಯಾಡುವ ಹೆಲ್ಮೆಟ್ ಅವರಿಗೂ ಬೇಕು.

ತೋಟದಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿದ್ಯುತ್ ತಂತಿ ಹಾದುಹೋಗುವ ಕಡೆ ಗಾಳಿಕಿಂಡಿಯ ಹೆಲ್ಮೆಟ್ ಶಾಕ್‌ನಿಂದ ರಕ್ಷಿಸುವುದಿಲ್ಲ. ವಿದ್ಯುತ್ ನಿರೋಧಕ ಹೆಲ್ಮೆಟ್ಟುಗಳಿಗೆ ಕಿಂಡಿಯೇ ಇರುವುದಿಲ್ಲ. ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ತಂತಿಯ ಹತ್ತಿರದ ಮರಗಳ ಕೆಲಸಕ್ಕೆ ಲೈನ್ ಆಫ್ ಮಾಡಿಸುವುದೊಂದೇ ದಾರಿ. ನೆಲದಲ್ಲೂ ಮರದಲ್ಲೂ ಕೆಲಸ ಮಾಡುವವರಿಗೆ ಪೆಟ್ಜಲ್‌ನ ವರ್ಟೆಕ್ಸ್, ಸ್ಟ್ರಾಟೊದಂಥ ಮಾದರಿಗಳಿವೆ. ಗಲ್ಲದ ಪಟ್ಟಿ ಬಿಟ್ಟುಕೊಳ್ಳಬೇಕೋ ಹಿಡಿದಿರಬೇಕೋ ಎಂಬುದನ್ನು ಅವುಗಳ ಬಕಲ್‌ನಲ್ಲೇ ಬದಲಿಸಬಹುದು.

ಹೆಲ್ಮೆಟ್ಟಿಗೂ ಆಯುಷ್ಯವಿದೆ. ಪ್ಲಾಸ್ಟಿಕ್ ಮತ್ತು ಫೋಮಿಗೆ ಹೆಚ್ಚಿನ ತಯಾರಕರು ಹೇಳುವ ಗರಿಷ್ಠ ಅವಧಿ ತಯಾರಾದ ದಿನದಿಂದ 10 ವರ್ಷ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ, ಪೇಂಟ್ ಬಳಿದರೆ, ಅಡಿಕೆಗೆ ಬಿಡುವ ಮದ್ದಾದ ಬೋರ್ಡೋ ದ್ರಾವಣ ಸಿಡಿದದ್ದನ್ನು ಹಾಗೇ ಒಣಗಲು ಬಿಟ್ಟರೆ ಇನ್ನೂ ಬೇಗ ಹಾಳಾಗುತ್ತದೆ. ಸಾಬೂನು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು, ಜೋರಾದ ಪೆಟ್ಟು ಬಿದ್ದದ್ದನ್ನು ಬದಲಾಯಿಸಬೇಕು. ದೋಟಿಗೆ ಸಾವಿರಾರು ರೂಪಾಯಿ ಹಾಕುವ ತೋಟದ ಯಜಮಾನರು ಅದೇ ಖರ್ಚಿನ ಪಟ್ಟಿಯಲ್ಲಿ ಕೆಲಸಗಾರರ ತಲೆಯ ಅಳತೆಗೆ ಸರಿಹೊಂದುವ ಹೆಲ್ಮೆಟ್ಟನ್ನೂ ಸೇರಿಸಬೇಕು, ಅದನ್ನು ಆರಿಸುವಾಗ ಹಾಕಿಕೊಳ್ಳುವವರನ್ನೇ ಅಂಗಡಿಗೆ ಕರೆದೊಯ್ಯಬೇಕು.