ಬೂಸ್ಟು ತಿಂದ ಕೆಂಪು

‘ದಿ ರೆಡ್ ಶೂಸ್’ ಚಿತ್ರದ ಮೂಲ ನೆಗೆಟಿವ್‌ನಲ್ಲಿ ಕೆಂಪು ಬಣ್ಣವೇ ಇಲ್ಲ. ಕೆಂಪೇನು, ಯಾವ ಬಣ್ಣವೂ ಇಲ್ಲ. 1948ರ ಈ ಬ್ರಿಟಿಷ್ ಚಿತ್ರವನ್ನು ಜಾಕ್ ಕಾರ್ಡಿಫ್ ಸೆರೆಹಿಡಿದದ್ದು ಟೆಕ್ನಿಕಲರ್ ಕ್ಯಾಮೆರಾದಲ್ಲಿ. ಲೆನ್ಸಿನ ಹಿಂದಿನ ಪ್ರಿಸಂ ಬೆಳಕನ್ನು ಸೀಳಿ, ಕೆಂಪು, ಹಸಿರು, ನೀಲಿಯ ಪಾಲನ್ನು ಮೂರು ಕಪ್ಪು-ಬಿಳುಪು ಫಿಲ್ಮುಗಳ ಮೇಲೆ ಬೇರೆ ಬೇರೆಯಾಗಿ ಮೂಡಿಸುತ್ತಿತ್ತು. ಅವುಗಳಿಂದ ತಯಾರಾದ ಅಚ್ಚುಗಳಿಗೆ ಬಣ್ಣ ಹೀರಿಸಿ ಒಂದರ ಮೇಲೊಂದು ಒತ್ತಿದ ಮೇಲೆಯೇ ನಾಯಕಿ ಮೊಯ್ರಾ ಶಿಯರರ್ ಕಾಲಿನ ಶೂ ಕೆಂಪಾಗುತ್ತಿದ್ದುದು.

ಬಣ್ಣವೇ ಇಲ್ಲದ ನೆಗೆಟಿವ್‌ಗೆ ಮಾಸುವ ಭಯವಿಲ್ಲ. ಕಾಟ ಬೇರೆ ಕಡೆಯಿಂದ ಬಂತು. ಆರು ದಶಕಗಳಲ್ಲಿ ಮೂರೂ ಫಿಲ್ಮುಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ಒಂದರ ಮೇಲೊಂದು ಸರಿಯಾಗಿ ಕೂರದಾದವು. ನರ್ತಕಿಯ ಭುಜದ ಸುತ್ತ ಇಲ್ಲದ ಬಣ್ಣದ ಗೆರೆ ಎದ್ದಿತು. ಅದಕ್ಕಿಂತ ಕೆಟ್ಟದ್ದು ಬೂಸ್ಟು. ಪ್ರತಿ ರೀಲಿಗೂ ಹಬ್ಬಿ, ಬಿಂಬ ಮೂಡಿರುವ ಎಮಲ್ಷನ್ ಪದರವನ್ನೇ ತಿನ್ನತೊಡಗಿತ್ತು.

ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ ಜತೆಗೂಡಿ ಅಮೆರಿಕದ ಯುಸಿಎಲ್‌ಎ ಚಿತ್ರಾಗಾರ ಚಿತ್ರವನ್ನು ಸರಿಪಡಿಸುವ ಕೆಲಸ ಕೈಗೆತ್ತಿಕೊಂಡಿತು. ಎರಡೂಕಾಲು ಗಂಟೆಯ ಚಿತ್ರ, ಸೆಕೆಂಡಿಗೆ 24 ಫ್ರೇಮು, ಅದರ ಮೂರು ಪಟ್ಟು: ಐದು ಲಕ್ಷಕ್ಕೂ ಮೀರಿದ ಚೌಕಗಳನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಬೇಕಾಯಿತು. ಮೂರನ್ನೂ ಕಂಪ್ಯೂಟರಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಕೂಡಿಸಬಹುದು. ಬೂಸ್ಟು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನೀಲಿಯ ಫಿಲ್ಮಿನಲ್ಲಷ್ಟೇ ಅದಿದ್ದರೆ ತೆರೆಯ ಮೇಲೆ ಬಣ್ಣದ ಕಲೆಯಾಗಿ ಕಾಣುತ್ತದೆ. ಆದರೆ ಅದೇ ಚೌಕದ ಕೆಂಪು, ಹಸಿರು ಫಿಲ್ಮುಗಳಲ್ಲಿ ಆಕಾರ ಉಳಿದಿರುತ್ತದೆ. ಅವನ್ನೂ ಹಿಂದುಮುಂದಿನ ಫ್ರೇಮುಗಳನ್ನೂ ನೋಡಿಕೊಂಡು ಸವೆದ ಜಾಗ ತುಂಬಬಹುದು. ತಂತ್ರಾಂಶವೊಂದನ್ನೇ ನಂಬಿದರೆ ಧೂಳಿನ ಜತೆಗೆ ಗಾಳಿಯಲ್ಲಿ ತೇಲುವ ಕಾಗದದ ಚೂರೂ ಅಳಿಸಿಹೋದೀತು. ಪಕ್ಕದಲ್ಲಿ ಕಣ್ಣಿಟ್ಟು ಕೂರುವವರು ಬೇಕೇ ಬೇಕು.

ಕಲೆ ಹೋಯಿತು, ಸರಿ. ಕೆಂಪು ಎಷ್ಟು ಕೆಂಪಿರಬೇಕು? ನನಗೆ ಈ ಇಡೀ ವಿದ್ಯೆಯಲ್ಲಿ ಅತಿ ಕಷ್ಟವೆನಿಸುವ ಪ್ರಶ್ನೆ ಇದು. ಯಂತ್ರಕ್ಕೆ ಯಾವ ಕೆಂಪಾದರೂ ಒಂದೇ. ಟೆಕ್ನಿಕಲರ್ ಪ್ರಿಂಟುಗಳ ಬಣ್ಣ ಬಹುಕಾಲ ಮಾಸದ್ದರಿಂದ ಹಳೆಯ ಪ್ರಿಂಟೇ ಸಾಕ್ಷಿ ನುಡಿಯಬಲ್ಲದು. 2009ರ ಮೇ ತಿಂಗಳಲ್ಲಿ ಹೊಸ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದಕ್ಕೆ ಕೆಲವೇ ವಾರ ಮೊದಲು ಕಾರ್ಡಿಫ್ ತೀರಿಕೊಂಡಿದ್ದರು.

ಆಮೇಲೆ ಬಂದ ಬಣ್ಣದ ಫಿಲ್ಮುಗಳಿಗೆ ಮಾಸದ ಸಾಕ್ಷಿಯ ಈ ಭಾಗ್ಯವಿಲ್ಲ. ಅವುಗಳಲ್ಲಿ ನೆಗೆಟಿವೂ ಮಾಸುತ್ತದೆ, ಪ್ರಿಂಟೂ ಮಾಸುತ್ತದೆ. ಮೂಲ ಬಣ್ಣ ಹೇಗಿತ್ತೆಂದು ಹೇಳಬಲ್ಲವರು ಅದನ್ನು ಸೆರೆಹಿಡಿದವರೇ. ಎಪ್ಪತ್ತು-ಎಂಬತ್ತರ ದಶಕದ ನಮ್ಮ ಕನ್ನಡ ಚಿತ್ರಗಳ ಛಾಯಾಗ್ರಾಹಕರಲ್ಲಿ ಇಂದು ಇರುವವರನ್ನು ಈಗಲೇ ಕೂರಿಸಿಕೊಂಡು ಕೇಳಬೇಕು. ಗಿರೀಶ ಕಾರ್ನಾಡರು ಪಶುವೈದ್ಯ ಡಾ. ರಾವ್ ಆಗಿ ನಟಿಸಿದ ಶ್ಯಾಮ್ ಬೆನಗಲ್‌ರ ‘ಮಂಥನ’ಕ್ಕೆ (1976) ಆ ಅದೃಷ್ಟ ಸಿಕ್ಕಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಉಳಿಸಿಕೊಟ್ಟು 2024ರಲ್ಲಿ ಕಾನ್‌ಗೆ ಒಯ್ದಾಗ, ಕೆಲಸದ ಉಸ್ತುವಾರಿಗೆ ಇದ್ದವರು ಅಂದು ಕ್ಯಾಮೆರಾ ಹಿಡಿದಿದ್ದ ಗೋವಿಂದ ನಿಹಲಾನಿಯವರೇ.