ಹೆಬ್ಬೆರಳ ಬುಡದ ಗಂಟು: ಶಸ್ತ್ರಚಿಕಿತ್ಸೆ ಯಾವಾಗ?

ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ, ಅದರ ಬುಡದ ಕೀಲು ಹೊರಕ್ಕೆ ಉಬ್ಬುವುದನ್ನು ಆಧುನಿಕ ವೈದ್ಯರು ‘ಬನಿಯನ್’ ಎನ್ನುತ್ತಾರೆ. ಶ್ರೀಮಠಕ್ಕೆ ನಡೆದೇ ಬರುತ್ತಿದ್ದ ತಾಯಿಯೊಬ್ಬರು ಈ ನೋವಿನಿಂದ ಬರುವುದನ್ನೇ ಬಿಟ್ಟಿದ್ದರು. “ಎಣ್ಣೆ ಹಚ್ಚಿದರೆ ನೆಟ್ಟಗಾದೀತೇ ಡಾಕ್ಟರೇ?” ಎಂದು ಕೇಳಿದರು. ಅಭ್ಯಂಗದಿಂದ ನೋವು ತಗ್ಗೀತು. ವಾಲಿದ ಎಲುಬು ನೆಟ್ಟಗಾಗದು ಎಂದೆ.

ಹಾಗೆಂದು ಗಂಟು ಕಂಡೊಡನೆ ಶಸ್ತ್ರಚಿಕಿತ್ಸೆ ಬೇಡ. ಅಂದಕ್ಕಾಗಿಯಂತೂ ಬೇಡವೇ ಬೇಡ. ಸಂಜೆಯ ವೇಳೆ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿಕೊಳ್ಳಿ. ಅದರ ಮೇಲೆ ನಿಮ್ಮ ಪಾದರಕ್ಷೆಯನ್ನಿಡಿ. ಗೆರೆ ಹೊರಗೆ ಕಂಡರೆ ಪಾದರಕ್ಷೆ ಇಕ್ಕಟ್ಟಾಗಿದೆ ಎಂದರ್ಥ. ಮುಂಭಾಗ ಅಗಲವಾದ, ಹಿಮ್ಮಡಿ ಎತ್ತರವಿಲ್ಲದ, ಮೆತ್ತನೆಯ ಪಾದರಕ್ಷೆಯನ್ನು ಕೆಲವು ತಿಂಗಳು ಬಳಸಿ ನೋಡಿ. ಅನೇಕರಿಗೆ ಇಷ್ಟೇ ಸಾಕಾಗುತ್ತದೆ.

ಆ ಬಳಿಕವೂ ನಿತ್ಯದ ನಡಿಗೆಗೆ ನೋವು ಅಡ್ಡಿಯಾದರೆ, ಅಥವಾ ಬೆರಳುಗಳು ಒಂದರ ಮೇಲೊಂದು ಏರತೊಡಗಿದರೆ, ಮೂಳೆತಜ್ಞರನ್ನು ಕಾಣಿರಿ. ಸಾಮಾನ್ಯವಾಗಿ ಎಲುಬನ್ನು ಕತ್ತರಿಸಿ, ನೇರಗೊಳಿಸಿ, ಸ್ಕ್ರೂಗಳಿಂದ ಬಿಗಿಯುತ್ತಾರೆ. ಸುಮಾರು 6 ವಾರ ವಿಶೇಷ ಪಾದರಕ್ಷೆ ಬೇಕು. ಬಾವು ಪೂರ್ತಿ ಇಳಿಯಲು ತಿಂಗಳುಗಳೇ ಹಿಡಿಯುತ್ತವೆ. ಕೆಲವರಲ್ಲಿ ಗಂಟು ಮರುಕಳಿಸುವುದೂ ಉಂಟು. ಆದ್ದರಿಂದ ಮನೆಯಲ್ಲಿ ಆಸರೆಗೆ ಜನರಿರುವ ಕಾಲವನ್ನೇ ಆರಿಸಿಕೊಳ್ಳಿ.

ಮಧುಮೇಹಿಗಳು ಮೊದಲು ರಕ್ತದ ಸಕ್ಕರೆಯನ್ನೂ ಪಾದದ ರಕ್ತಸಂಚಾರವನ್ನೂ ಪರೀಕ್ಷಿಸಿಕೊಳ್ಳಬೇಕು. ಗಂಟಿನ ಮೇಲೆ ಹುಣ್ಣಾದರೆ ಅಂದೇ ವೈದ್ಯರಿಗೆ ತೋರಿಸಬೇಕು. ರಾತ್ರೋರಾತ್ರಿ ಕೀಲು ಕೆಂಪಾಗಿ ಊದಿದರೆ ಅದು ವಾತರಕ್ತವಿರಬಹುದು; ಅದರ ಚಿಕಿತ್ಸೆಯೇ ಬೇರೆ.

ಶಲ್ಯತಂತ್ರವು ಆಯುರ್ವೇದದ ಎಂಟು ಅಂಗಗಳಲ್ಲೊಂದು. ಶಸ್ತ್ರಕ್ಕೆ ಅಂಜಿ ನೋವು ನುಂಗಬೇಕಿಲ್ಲ. ಆ ತಾಯಿಗೆ ಸದ್ಯ ಅಗಲವಾದ ಚಪ್ಪಲಿಯೇ ಸಾಕಾಗಿದೆ. ಕಳೆದ ಅಮಾವಾಸ್ಯೆಗೆ ನಡೆದೇ ಬಂದಿದ್ದರು.