ಬೆಟ್ಟ–ಸರೋವರಗಳ ನಾಡಿನಲ್ಲಿ ಸೈಕಲ್: ಮಧ್ಯಮ ಹಾದಿಯನ್ನು ಆರಿಸುವುದು ಹೇಗೆ?



ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯುವುದು ನಿಮ್ಮಲ್ಲಿ ಅನೇಕರಿಗೆ ದೊಡ್ಡ ಮಾತಲ್ಲ. ಅದೇ ಇಪ್ಪತ್ತು ಕಿಲೋಮೀಟರ್ ಬೆಟ್ಟದ ಮೇಲೆ ಬಂದರೆ ಲೆಕ್ಕವೇ ಬೇರೆ. ಅಲ್ಲಿ ದೂರಕ್ಕಿಂತ ಏರು ಮುಖ್ಯ. ಏರಿನಷ್ಟೇ ಹಾದಿಯ ನೆಲವೂ ಮುಖ್ಯ. ಕೆಲವು ದಿನಗಳಲ್ಲಿ ಇವೆಲ್ಲಕ್ಕಿಂತ ಹವೆಯೇ ಮುಖ್ಯ. ಬೆಟ್ಟದ ಹಾದಿಗೆಂದೇ ದಪ್ಪ ಟೈರು, ಹೆಚ್ಚು ಗೇರುಗಳಿರುವ ಮೌಂಟನ್ ಬೈಕ್ ಇದ್ದರೂ ಸವಾರನ ವಿವೇಚನೆಯ ಕೆಲಸವನ್ನು ಅದು ಮಾಡಲಾರದು. ಹಾಗಾದರೆ ತೀರ ಸುಲಭವೂ ಅಲ್ಲದ, ಅಪಾಯಕ್ಕೆ ದೂಡುವಂಥದೂ ಅಲ್ಲದ ‘ಮಧ್ಯಮ’ ಹಾದಿಯನ್ನು ಗುರುತಿಸುವುದು ಹೇಗೆ? ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ಪ್ರದೇಶವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ತಿಳಿಯೋಣ.

ಚಕ್ರದ ಕಡ್ಡಿಗಳಂಥ ಕಣಿವೆಗಳು

ಲೇಕ್ ಡಿಸ್ಟ್ರಿಕ್ಟ್ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ (978 ಮೀಟರ್), ಅತಿ ದೊಡ್ಡ ಸರೋವರ ವಿಂಡರ್‌ಮಿಯರ್, ಅತಿ ಆಳದ ಸರೋವರ ವಾಸ್ಟ್ ವಾಟರ್ ಎಲ್ಲವೂ ಇಲ್ಲಿಯೇ ಇವೆ. ಹಿಮಯುಗದಲ್ಲಿ ಹಿಮನದಿಗಳು ಬೆಟ್ಟಗಳ ನಡುವೆ ಆಳವಾಗಿ ಕೊರೆದ ಕಣಿವೆಗಳಲ್ಲಿ ಮುಂದೆ ನೀರು ನಿಂತು ಈ ಸರೋವರಗಳಾದವು. ನಿಮ್ಮ ಇಂಗ್ಲಿಷ್ ಪಠ್ಯದಲ್ಲಿ ಬರುವ ಕವಿ ವರ್ಡ್ಸ್‌ವರ್ತ್ ಈ ಸೀಮೆಯವನು. ಇಲ್ಲಿನ ಕಣಿವೆಗಳನ್ನು ಅವನು ಚಕ್ರದ ನಡುವಿನಿಂದ ಹೊರಟ ಕಡ್ಡಿಗಳಿಗೆ ಹೋಲಿಸಿದ್ದಾನೆ.

ಸೈಕಲ್ ಸವಾರನಿಗೆ ಈ ಹೋಲಿಕೆ ಬಹಳ ಉಪಯುಕ್ತ. ಒಂದು ಕಡ್ಡಿಯ ಉದ್ದಕ್ಕೆ, ಅಂದರೆ ಒಂದೇ ಕಣಿವೆಯೊಳಗೆ ಸಾಗಿದರೆ ಹಾದಿ ಬಹುಮಟ್ಟಿಗೆ ಸಪಾಟಾಗಿರುತ್ತದೆ. ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ದಾಟಬೇಕಾದರೆ ನಡುವಿನ ಬೆಟ್ಟವನ್ನು ಹತ್ತಿಳಿಯಲೇಬೇಕು. ಆದ್ದರಿಂದ ಮೊದಲ ಸೂತ್ರವಿದು: ಹೆಚ್ಚಿನ ದೂರ ಕಣಿವೆಯಲ್ಲಿ, ಒಂದೇ ಒಂದು ಸಣ್ಣ ದಿಣ್ಣೆಯ ದಾಟು. ಇಂತಹ ಮಾರ್ಗವನ್ನೇ ಸಾಮಾನ್ಯವಾಗಿ ಮಧ್ಯಮ ಎನ್ನಬಹುದು.

ಯಾವ ಹಾದಿಯಲ್ಲಿ ಹೋಗಬಹುದು?

ಇಂಗ್ಲೆಂಡಿನಲ್ಲಿ ಕಾಲುದಾರಿಗಳ ಮೇಲೆ ಸೈಕಲ್ ಓಡಿಸುವ ಹಕ್ಕು ಇಲ್ಲ. ಕುದುರೆ ಸವಾರರಿಗಾಗಿ ಇರುವ ‘ಬ್ರೈಡಲ್‌ವೇ’ ಎಂಬ ಹಾದಿಗಳಲ್ಲಿ ಸೈಕಲ್‌ಗೂ ಅವಕಾಶ ಕೊಟ್ಟದ್ದು 1968ರ ಗ್ರಾಮಾಂತರ ಕಾಯಿದೆ. ಆದರೆ ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್‌ನವರು ದಾರಿ ಬಿಡಬೇಕು. ಅಲ್ಲಿನ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ 1:25,000 ಪ್ರಮಾಣದ ನಕ್ಷೆಯಲ್ಲಿ ಕಾಲುದಾರಿಗೆ ಚಿಕ್ಕ ಹಸಿರು ಗೀಟುಗಳು, ಬ್ರೈಡಲ್‌ವೇಗೆ ಉದ್ದ ಹಸಿರು ಗೀಟುಗಳು ಇರುತ್ತವೆ. ಈ ವ್ಯತ್ಯಾಸವನ್ನು ಮನೆಯಲ್ಲೇ ನೋಡಿಕೊಳ್ಳಬೇಕು.

ಹಕ್ಕು ಇದೆಯೆಂದ ಮಾತ್ರಕ್ಕೆ ಹಾದಿ ಸುಲಭವೆಂದು ಭಾವಿಸಬೇಡಿ. 950 ಮೀಟರ್ ಎತ್ತರದ ಹೆಲ್ವೆಲಿನ್ ಶಿಖರದವರೆಗೂ ಬ್ರೈಡಲ್‌ವೇ ಇದೆ! ವಿನ್‌ಲ್ಯಾಟರ್, ಗ್ರೈಸ್‌ಡೇಲ್ ಅರಣ್ಯಗಳಲ್ಲಿ ಸೈಕಲ್‌ಗೆಂದೇ ನಿರ್ಮಿಸಿದ ಹಾದಿಗಳಿಗೆ ಬಣ್ಣದ ದರ್ಜೆ ಇರುತ್ತದೆ. ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಷ್ಟ, ಕಪ್ಪು ಅತಿ ಕಷ್ಟ. ಬಯಲು ಬೆಟ್ಟದಲ್ಲಿ ಇಂಥ ಬಣ್ಣಗಳಿಲ್ಲ. ಅಲ್ಲಿ ದರ್ಜೆಯನ್ನು ನಾವೇ ಲೆಕ್ಕ ಹಾಕಬೇಕು.

ನಕ್ಷೆಯಿಂದ ಏರಿನ ಲೆಕ್ಕ

ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಸಮೋನ್ನತಿ ರೇಖೆಗಳನ್ನು ನೀವು ಭೂಗೋಳದಲ್ಲಿ ಓದಿದ್ದೀರಿ. 1:25,000 ನಕ್ಷೆಯಲ್ಲಿ 4 ಮಿಲಿಮೀಟರ್ ಎಂದರೆ ನೆಲದ ಮೇಲೆ 100 ಮೀಟರ್. ಬೆಟ್ಟದ ಸೀಮೆಯಲ್ಲಿ ಒಂದು ರೇಖೆಗೂ ಮುಂದಿನ ರೇಖೆಗೂ 10 ಮೀಟರ್ ಎತ್ತರದ ಅಂತರ. ಹಾದಿಯ ಮೇಲೆ ಎರಡು ರೇಖೆಗಳ ನಡುವೆ 4 ಮಿಲಿಮೀಟರ್ ಇದ್ದರೆ ನೂರಕ್ಕೆ ಹತ್ತರ ಏರು. ಕೆಳಗಿನ ಗೇರಿನಲ್ಲಿ ತುಳಿಯಬಹುದು. 2 ಮಿಲಿಮೀಟರ್ ಇದ್ದರೆ ನೂರಕ್ಕೆ ಇಪ್ಪತ್ತು. ಕಲ್ಲು ಹಾದಿಯಾದರೆ ಹೆಚ್ಚಿನವರು ಇಳಿದು ತಳ್ಳಬೇಕು. 1 ಮಿಲಿಮೀಟರ್ ಇದ್ದರೆ ನೂರಕ್ಕೆ ನಲವತ್ತು. ಅದು ಸೈಕಲ್ ಹೊತ್ತು ಹತ್ತುವ ಜಾಗ.

ತಳ್ಳಿಕೊಂಡು ಹೋಗುವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ನಿಯಮ ಇಲ್ಲಿ ನೆರವಾಗುತ್ತದೆ. ನಡಿಗೆಗೆ ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಇಟ್ಟುಕೊಳ್ಳಬೇಕು. ಸೈಕಲ್ ಜೊತೆಗಿರುವುದರಿಂದ ಇನ್ನೂ ಸ್ವಲ್ಪ ಸೇರಿಸುವುದು ಜಾಣತನ.

ಮೂರು ಮಾರ್ಗಗಳ ಹೋಲಿಕೆ

ಈಗ ಮೂರು ಮಾರ್ಗಗಳನ್ನು ಪಕ್ಕಪಕ್ಕದಲ್ಲಿ ಇಡೋಣ. ವಿಂಡರ್‌ಮಿಯರ್ ಸರೋವರದ ಪಶ್ಚಿಮ ದಂಡೆಯಲ್ಲಿ ರೇ ಕ್ಯಾಸಲ್ ಕಡೆಗೆ ಹೋಗುವ ಹಾದಿ ನೀರಿನ ಅಂಚಿನಲ್ಲೇ ಸಾಗುತ್ತದೆ, ಇದು ಸುಲಭ. ಹೆಲ್ವೆಲಿನ್ ಶಿಖರದ ಹಾದಿ ಅನುಭವಿಗಳಿಗೆ ಮಾತ್ರ. ಇವೆರಡರ ನಡುವೆ ನಿಲ್ಲುವುದು ಕೆಸಿಕ್ ಪಟ್ಟಣದಿಂದ ವಾಟೆಂಡ್ಲತ್ ಹಳ್ಳಿಯ ಮೂಲಕ ಸುತ್ತಿಬರುವ ಮಾರ್ಗ. ಒಟ್ಟು ದೂರ ಸುಮಾರು 20 ಕಿ.ಮೀ.; ಏರು ಸುಮಾರು 300 ಮೀಟರ್.

ಕೆಸಿಕ್‌ನಿಂದ ಡರ್ವೆಂಟ್‌ವಾಟರ್ ಸರೋವರದ ಪೂರ್ವ ಬದಿಯ ರಸ್ತೆ ಹಿಡಿದು, ಆಶ್‌ನೆಸ್ ಸೇತುವೆಯ ಕಡೆಗೆ ತಿರುಗಿ, ಕಿರಿದಾದ ಡಾಂಬರು ರಸ್ತೆಯಲ್ಲಿ ಏರಬೇಕು. ಸರೋವರದ ಮಟ್ಟ ಸುಮಾರು 75 ಮೀಟರ್. ವಾಟೆಂಡ್ಲತ್ ಸುಮಾರು 260 ಮೀಟರ್. ಡಾಂಬರು ರಸ್ತೆ ಇಲ್ಲಿಗೇ ಮುಗಿಯುತ್ತದೆ. ಮುಂದೆ ಬ್ರೈಡಲ್‌ವೇ ಸುಮಾರು 330 ಮೀಟರ್‌ವರೆಗೆ ಏರಿ, ಬಾರೋಡೇಲ್ ಕಣಿವೆಯ ರಾಸ್‌ತ್‌ವೇಟ್ ಹಳ್ಳಿಗೆ ಕಲ್ಲುಗಳ ಮೇಲೆ ಕಡಿದಾಗಿ ಇಳಿಯುತ್ತದೆ. ಅಲ್ಲಿಂದ ಕಣಿವೆಯ ರಸ್ತೆಯಲ್ಲಿ ಕೆಸಿಕ್‌ಗೆ ವಾಪಸು.

ಇದು ಮಧ್ಯಮ ಏಕೆ? ಏರಿನ ಬಹುಭಾಗ ಡಾಂಬರಿನ ಮೇಲೆಯೇ ಮುಗಿಯುತ್ತದೆ. ಕಷ್ಟದ ಭಾಗ ಎರಡೂವರೆ ಕಿಲೋಮೀಟರ್‌ನಷ್ಟು ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಕಷ್ಟ ಆರಂಭವಾಗುವ ಮೊದಲೇ ಯೋಚಿಸಲು ಒಂದು ಜಾಗವಿದೆ. ವಾಟೆಂಡ್ಲತ್‌ನಲ್ಲಿ ಮೋಡ ಕವಿದಿದ್ದರೆ, ಜೊತೆಗಾರ ದಣಿದಿದ್ದರೆ, ಬಂದ ರಸ್ತೆಯಲ್ಲೇ ಹಿಂದಿರುಗಬಹುದು. ಹೀಗೆ ಹಿಂದಿರುಗುವ ದಾರಿ ಇಲ್ಲದ ಮಾರ್ಗವನ್ನು, ಅದು ಎಷ್ಟೇ ಚಿಕ್ಕದಾಗಿರಲಿ, ಮಧ್ಯಮ ಎಂದು ಕರೆಯಬಾರದು.

ದಿಕ್ಕಿನ ವಿಷಯವನ್ನೂ ಗಮನಿಸಿ. ಇದೇ ಸುತ್ತನ್ನು ತಿರುವುಮುರುವಾಗಿ ಮಾಡಿದರೆ ಕಲ್ಲಿನ ಇಳಿಜಾರೇ ಏರಾಗಿ, ಸೈಕಲ್ ತಳ್ಳಿಯೇ ಸುಸ್ತಾಗುತ್ತೀರಿ. ಹಾಗೆಂದು ಇಳಿಜಾರನ್ನು ಹಗುರವಾಗಿ ಕಾಣಬೇಡಿ. ಒದ್ದೆ ಕಲ್ಲಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಜಾರುತ್ತದೆ. ಧೈರ್ಯ ಸಾಲದ ಕಡೆ ಇಳಿದು ನಡೆಯುವುದರಲ್ಲಿ ಅವಮಾನವೇನೂ ಇಲ್ಲ.

ಹವೆ ಮತ್ತು ಹಗಲು

ರಾಸ್‌ತ್‌ವೇಟ್‌ಗೆ ಹತ್ತಿರದ ಸೀತ್‌ವೇಟ್‌ನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಮಲೆನಾಡಿನ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅಂಕಿಯೆನಿಸದು. ಆದರೆ ಅಲ್ಲಿಯ ಮಳೆ ತಣ್ಣನೆಯದು, ವರ್ಷವಿಡೀ ಬರುವಂಥದು. ನೆನೆದ ಬಟ್ಟೆಗೆ ಗಾಳಿ ತಗುಲಿದರೆ ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯಬಹುದು. ಜೂನ್ ತಿಂಗಳಲ್ಲಿ ಹಗಲು ಸುಮಾರು 17 ಗಂಟೆ. ಡಿಸೆಂಬರಿನಲ್ಲಿ ಏಳೂವರೆ ಗಂಟೆಯಷ್ಟೇ. ಜೂನ್‌ನಲ್ಲಿ ಮಧ್ಯಮವಾದ ಹಾದಿ ಡಿಸೆಂಬರಿನಲ್ಲಿ ಕಠಿಣವಾಗುವುದು ಹೀಗೆ.

ಆದ್ದರಿಂದ ಹೆಲ್ಮೆಟ್, ಮಳೆಯಂಗಿ, ಒಣಗಿದ ಬೆಚ್ಚನೆಯ ಅಂಗಿ, ತಿನಿಸು, ಪಂಪು, ಬದಲಿ ಟ್ಯೂಬು, ಕಾಗದದ ನಕ್ಷೆ, ದೀಪ, ಸೀಟಿ ಇವು ಚೀಲದಲ್ಲಿರಲಿ. ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟದಲ್ಲಿ ಸಹಾಯ ಬೇಡುವ ಸಂಕೇತ. ಅಲ್ಲಿ ನೆರವಿಗೆ ಬರುವ ಪರ್ವತ ರಕ್ಷಣಾ ತಂಡದವರು ಸ್ವಯಂಸೇವಕರು. ನಮ್ಮ ಅಜಾಗರೂಕತೆ ಅವರ ಪ್ರಾಣಕ್ಕೂ ಕುತ್ತಾಗಬಹುದೆಂಬುದನ್ನು ಮರೆಯಬಾರದು.

ನೀವೇ ಮಾಡಿ ನೋಡಿ

ಈ ಲೆಕ್ಕವನ್ನು ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಿಮ್ಮ ಕಾಲೇಜಿನ ಭೂಗೋಳ ವಿಭಾಗದಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ ಇದ್ದರೆ ಕೇಳಿ ಪಡೆಯಿರಿ. ಅದರಲ್ಲಿ 1 ಸೆಂಟಿಮೀಟರ್ ಎಂದರೆ 500 ಮೀಟರ್. ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರ್. ನಿಮಗೆ ಗೊತ್ತಿರುವ ಒಂದು ಬೆಟ್ಟದ ಹಾದಿಯ ಮೇಲೆ ದಾರ ಇಟ್ಟು ದೂರ ಅಳೆಯಿರಿ, ರೇಖೆಗಳನ್ನು ಎಣಿಸಿ ಏರು ತಿಳಿಯಿರಿ, ಹಿಂದಿರುಗಬಹುದಾದ ಜಾಗಕ್ಕೆ ಗುರುತು ಹಾಕಿ. ಆ ಗುರುತು ಸಿಕ್ಕ ಮೇಲೆಯೇ ಸೈಕಲ್ ಹೊರಗೆ ತೆಗೆಯಿರಿ.